ಧರ್ಮಶಾಲೆ ಬೇಕು, ಆದರೆ ಗಾರ್ಡನ್‌ನಲ್ಲೇ ಯಾಕೆ? ಜಾಗ ಆರಿಸುವ ಮುಂಚೆ ಒಂದು ಹೋಲಿಕೆ

ನಮ್ಮ ಬಡಾವಣೆಯ ಗಾರ್ಡನ್ ದೊಡ್ಡದೇನಲ್ಲ. ಹೆಚ್ಚೆಂದರೆ ಅರ್ಧ ಎಕರೆ. ನಾಲ್ಕು ಬೇವಿನ ಮರ, ಒಂದು ಹೊಂಗೆ, ಸರಪಳಿ ಕಿತ್ತ ಜೋಕಾಲಿ, ಎರಡು ಕಲ್ಲು ಬೆಂಚು. ಹುಬ್ಬಳ್ಳಿಯ ವಿದ್ಯಾನಗರದ ಸುತ್ತಮುತ್ತ ಇಂಥವು ಇನ್ನೂ ಹಲವು ಸಿಗುತ್ತವೆ. ಬೆಳಗ್ಗೆ ನಿವೃತ್ತರ ವಾಕಿಂಗ್, ಸಂಜೆ ಹುಡುಗರ ಕ್ರಿಕೆಟ್.

ಅಲ್ಲಿ ಧರ್ಮಶಾಲೆ ಕಟ್ಟುತ್ತೇವೆ ಎಂದು ಒಂದು ಟ್ರಸ್ಟಿನವರು ಬಂದರು. ಆಸ್ಪತ್ರೆಗೆ ದಾಖಲಾದವರ ಜೊತೆ ಮನೆಯವರು ಬರುತ್ತಾರಲ್ಲ, ಅವರಿಗಾಗಿ. 60 ಜನಕ್ಕೆ ರಾತ್ರಿ ಮಲಗಲು ಜಾಗ, ಎರಡು ಹೊತ್ತು ಊಟ, ಎಲ್ಲ ಪುಕ್ಕಟೆ. ಕಟ್ಟುವ ಖರ್ಚು ಅವರದು. ಜಾಗ ಮಾತ್ರ ಮಹಾನಗರ ಪಾಲಿಕೆಯಿಂದ ಸಿಗಬೇಕು, ಅದಕ್ಕೆ ನಮ್ಮ ಒಪ್ಪಿಗೆ ಪತ್ರ ಬೇಕು ಅಂದರು.

ಬಡಾವಣೆ ಎರಡು ಪಾಲಾಯಿತು. "ಗಾರ್ಡನ್ ಮುಟ್ಟಬ್ಯಾಡ್ರಿ" ಅನ್ನುವವರು ಒಂದು ಕಡೆ. "ಪುಣ್ಯದ ಕೆಲಸಕ್ಕ ಅಡ್ಡ ಬರಬ್ಯಾಡ್ರಿ" ಅನ್ನುವವರು ಇನ್ನೊಂದು ಕಡೆ. ಮೂರು ಮೀಟಿಂಗ್ ಆದವು. ಎರಡನೆಯದರಲ್ಲಿ ತರಿಸಿದ ಚಹಾ ಹಾಗೇ ಆರಿಹೋಯಿತು, ಯಾರೂ ಮುಟ್ಟಲಿಲ್ಲ. ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ನೋಟ್‌ಬುಕ್ಕಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕಾಲೊನಿಗೂ ಇಂಥ ಪ್ರಸ್ತಾಪ ಬರಬಹುದು. ಧರ್ಮಶಾಲೆ ಬದಲು ವೃದ್ಧಾಶ್ರಮವೋ, ಉಚಿತ ಡಯಾಲಿಸಿಸ್ ಕೇಂದ್ರವೋ ಇರಬಹುದು. ಲೆಕ್ಕ ಹೆಚ್ಚುಕಡಿಮೆ ಇದೇ.

ನನ್ನ ಒಲವು ಮೊದಲೇ ಹೇಳಿಬಿಡುತ್ತೇನೆ. ಗಾರ್ಡನ್‌ನಲ್ಲಿ ಕಟ್ಟುವುದಕ್ಕೆ ನಾನು ವಿರೋಧಿ. ಆದರೆ ಬರೀ "ಬೇಡ" ಅಂದು ಎದ್ದು ಮನೆಗೆ ಹೋಗುವವರ ಜೊತೆಗೂ ನಾನಿಲ್ಲ. ಯಾಕೆಂದರೆ ಅಗತ್ಯ ಸುಳ್ಳಲ್ಲ. ಎಲ್ಲರೂ ಇನ್ನೂ ಕಿಮ್ಸ್ ಅಂತಲೇ ಕರೆಯುವ ವಿದ್ಯಾನಗರದ ದೊಡ್ಡ ಸರ್ಕಾರಿ ಆಸ್ಪತ್ರೆ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾಯಿತು. ಇವತ್ತು ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದಲೂ ಜನ ಅಲ್ಲಿಗೆ ಬರುತ್ತಾರೆ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ರೋಗಿಗೆ ಮಂಚ ಸಿಗುತ್ತದೆ. ಜೊತೆಗೆ ಬಂದವರಿಗೆ?

ನಮ್ಮ ಮಾವನ ಆಪರೇಷನ್‌ಗೆ ಬೇರೆ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು 11 ರಾತ್ರಿ ಕಳೆದಿದ್ದೇನೆ. ಮೆಟ್ಟಿಲ ಕೆಳಗೆ ಪೇಪರ್ ಹಾಸಿ ಮಲಗಿದ್ದೆ. ಚಪ್ಪಲಿಯನ್ನು ಚೀಲದಲ್ಲಿಟ್ಟು ತಲೆದಿಂಬು ಮಾಡಿಕೊಂಡಿದ್ದೆ, ಇಲ್ಲದಿದ್ದರೆ ಬೆಳಗ್ಗೆ ಚಪ್ಪಲಿ ಇರುತ್ತಿರಲಿಲ್ಲ. ಮೂರನೇ ರಾತ್ರಿ ವಾಚ್‌ಮನ್ ಎಬ್ಬಿಸಿ ಹೊರಗೆ ಕಳಿಸಿದ. ಹಾಗಾಗಿ ಧರ್ಮಶಾಲೆ ಯಾಕೆ ಬೇಕು ಅನ್ನುವುದನ್ನು ನನಗೆ ಯಾರೂ ತಿಳಿಸಬೇಕಾಗಿಲ್ಲ.

ಮೊದಲು ನಕಾಶೆ ತರಿಸಿ

ಎರಡು ಮೀಟಿಂಗ್ ಮುಗಿಯುವ ತನಕ ನಮ್ಮಲ್ಲಿ ಒಬ್ಬರೂ ಬಡಾವಣೆಯ ನಕಾಶೆ ನೋಡಿರಲಿಲ್ಲ. ಎಲ್ಲರೂ ಗಂಟಲು ಹರಿದುಕೊಂಡದ್ದೇ ಬಂತು.

ಇದು ಯಾಕೆ ಮುಖ್ಯ? ನಾವು "ಗಾರ್ಡನ್" ಅನ್ನುವ ಜಾಗ ಕಾಗದದ ಮೇಲೆ ಗಾರ್ಡನ್ ಆಗಿರಲೇಬೇಕು ಅಂತಿಲ್ಲ. ಮಂಜೂರಾದ ಲೇಔಟ್ ನಕಾಶೆಯಲ್ಲಿ ಖಾಲಿ ಜಾಗಗಳು ಬೇರೆ ಬೇರೆ ಹೆಸರಲ್ಲಿ ಇರುತ್ತವೆ. ಒಂದು ಉದ್ಯಾನ ಅಥವಾ ಬಯಲು ಜಾಗ. ಇನ್ನೊಂದು ನಾಗರಿಕ ಸೌಲಭ್ಯದ ನಿವೇಶನ, ಎಲ್ಲರ ಬಾಯಲ್ಲಿ ಸಿಎ ಸೈಟ್. ಶಾಲೆ, ದವಾಖಾನೆ, ಅಂಚೆ ಕಚೇರಿ ಇಂಥವಕ್ಕೆಂದು ಮೊದಲೇ ಬಿಟ್ಟ ಜಾಗ ಅದು. ಇಪ್ಪತ್ತು ವರ್ಷ ಖಾಲಿ ಬಿದ್ದು, ಯಾರೋ ನಾಲ್ಕು ಗಿಡ ನೆಟ್ಟು, ಜನ ಅದನ್ನೇ ಗಾರ್ಡನ್ ಅನ್ನತೊಡಗಿದ ಉದಾಹರಣೆಗಳಿವೆ. ಅದರ ತಿರುಗಾಮುರುಗಾ ಕೂಡ ಆಗುತ್ತದೆ. ನಕಾಶೆಯಲ್ಲಿ ಹಸಿರು ಬಣ್ಣದ ಪಾರ್ಕು, ನೆಲದ ಮೇಲೆ ಮಾತ್ರ ಜಾಲಿಗಿಡ ಮತ್ತು ಕಸದ ರಾಶಿ. ಕಸ ಬಿದ್ದಿದೆ ಅಂದ ಮಾತ್ರಕ್ಕೆ ಅದು ಪಾರ್ಕ್ ಅಲ್ಲ ಅಂತ ಆಗುವುದಿಲ್ಲ.

(ಹುಬ್ಬಳ್ಳಿಯಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣ ನಮ್ಮ ಹೆಸರುಗಳೇ. ಶಿರೂರ ಪಾರ್ಕ್, ಅಕ್ಷಯ ಪಾರ್ಕ್. ಪಾರ್ಕ್ ಹುಡುಕಿಕೊಂಡು ಹೋದವನಿಗೆ ಸಿಗುವುದು ಮನೆಗಳ ಸಾಲು.)

ನಕಾಶೆ ಸಿಗುವುದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ. ನಮಗೆ ಅದು ಹುಡಾ, ನವನಗರದಲ್ಲಿದೆ. ಸುಮ್ನೆ ಕೇಳಿದರೆ ಕೊಟ್ಟರೆ ಸರಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ ಶುಲ್ಕ, 30 ದಿನದ ಗಡುವು. ಅದರ ಜೊತೆ ಇನ್ನೊಂದು ಕಾಗದ ಕೇಳಿ. ಲೇಔಟ್ ಮಾಡಿದವರು ರಸ್ತೆ ಮತ್ತು ಪಾರ್ಕನ್ನು ಸರ್ಕಾರಿ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರ. ಹಳೇ ಖಾಸಗಿ ಲೇಔಟ್‌ಗಳಲ್ಲಿ ಈ ಪತ್ರ ನೋಂದಣಿಯೇ ಆಗಿರದಿದ್ದರೆ ಜಗಳ ಬೇರೆಯದೇ ದಾರಿ ಹಿಡಿಯುತ್ತದೆ. ಆಗ ಟ್ರಸ್ಟೂ ಪಕ್ಕಕ್ಕೆ, ಪಾಲಿಕೆಯೂ ಪಕ್ಕಕ್ಕೆ, ಲೇಔಟ್ ಮಾಲೀಕರ ಮೊಮ್ಮಕ್ಕಳು ಬಂದು ನಿಲ್ಲುತ್ತಾರೆ.

ನಮ್ಮದು ನಕಾಶೆಯಲ್ಲಿ ಪಾರ್ಕ್ ಅಂತಲೇ ಇತ್ತು. ಮುಂದಿನ ಹೋಲಿಕೆ ಅದನ್ನು ಹಿಡಿದು ಮಾಡಿದ್ದು. ನಿಮ್ಮದು ಸಿಎ ಸೈಟ್ ಅಂತ ಬಂದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಗಿಡ ನೆಟ್ಟವರಿಗೆ ಬೇಜಾರಾಗುತ್ತದೆ, ನಿಜ.

ಪಾರ್ಕಿನಲ್ಲೇ ಕಟ್ಟಿದರೆ

ಇದರ ಪರವಾಗಿ ಇರುವ ವಾದ ಬಲವಾದದ್ದೇ. ಜಾಗಕ್ಕೆ ದುಡ್ಡಿಲ್ಲ. ಆಸ್ಪತ್ರೆಗೆ ನಡೆದು ಹೋಗಬಹುದು. ದಾನಿಗಳು ಈಗ ಸಿದ್ಧರಿದ್ದಾರೆ, ನಾಳೆ ಮನಸ್ಸು ಬದಲಾಗಬಹುದು. ಒಬ್ಬ ಹಿರಿಯರು ಕೇಳಿದ ಪ್ರಶ್ನೆ ಎಲ್ಲರನ್ನೂ ಸುಮ್ಮನಾಗಿಸಿತು: "ನಾವು ಅಡ್ಡಾಡಾಕ ಜಾಗ ಬೇಕು ಅಂತೀವಿ. ಅವರಿಗೆ ಅಡ್ಡಾಗಾಕ ಜಾಗಿಲ್ಲ. ಯಾವುದು ಹೆಚ್ಚು?"

ಇದಕ್ಕೆ ಉತ್ತರ ಕೊಡುವುದು ಕಷ್ಟ. ಆದರೆ ಪ್ರಶ್ನೆಯೊಳಗೆ ಒಂದು ಸಣ್ಣ ಮೋಸ ಇದೆ. ಮಲಗುವ ಜಾಗ ಈ ಪಾರ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ ಅಂತ ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಕಟ್ಟಡಕ್ಕೆ ಬೇರೆ ಜಾಗ ಹುಡುಕಬಹುದು. ಕಟ್ಟಿ ಮುಗಿದ ಬಡಾವಣೆಗೆ ಹೊಸ ಪಾರ್ಕ್ ಎಲ್ಲಿಂದ ತರುತ್ತೀರಿ?

ಇನ್ನು ಕಾನೂನು. 1985ರ ಒಂದು ಕಾಯ್ದೆ ಇದೆ. ಕರ್ನಾಟಕದ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಮಾಡಿದ್ದು. ಸ್ಥಳೀಯ ಸಂಸ್ಥೆ ತನ್ನ ಪಾರ್ಕ್‌ಗಳ ಪಟ್ಟಿ ಮಾಡಿ ಕಾಪಾಡಬೇಕು. ಅವನ್ನು ಮಾರುವುದು, ಗುತ್ತಿಗೆ ಕೊಡುವುದು, ದಾನ ಮಾಡುವುದು ಈ ಕಾಯ್ದೆಯ ಆಶಯಕ್ಕೇ ವಿರುದ್ಧ. ಹಾಗಾಗಿ ಬಡಾವಣೆಯವರ ಒಪ್ಪಿಗೆ ಪತ್ರಕ್ಕೆ ನಾವು ಅಂದುಕೊಂಡಷ್ಟು ತೂಕ ಇಲ್ಲ. ನಮ್ಮದಲ್ಲದ್ದನ್ನು ನಾವು ಹೇಗೆ ಕೊಡುವುದು?

ಬೆಂಗಳೂರಿನ ಒಂದು ಕೇಸು ಇಲ್ಲಿ ನೇರವಾಗಿ ಹೊಂದುತ್ತದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಟ್ರಸ್ಟಿಗೆ ಹಂಚಲಾಯಿತು. ಅದೂ ಮುಖ್ಯಮಂತ್ರಿ ಮಟ್ಟದ ಸೂಚನೆಯ ಮೇಲೆ. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ವಿಭಾಗೀಯ ಪೀಠ ಹಂಚಿಕೆ ರದ್ದು ಮಾಡಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮುದ್ದಪ್ಪ ಕೇಸು ಅಂತ ವಕೀಲರು ಇವತ್ತಿಗೂ ಇದನ್ನು ಉದ್ಧರಿಸುತ್ತಾರೆ. ಆಸ್ಪತ್ರೆ ಕೆಟ್ಟದ್ದು ಅಂತ ಕೋರ್ಟ್ ಹೇಳಲಿಲ್ಲ. ಒಳ್ಳೆಯದಾದರೂ ಅದು ಪಾರ್ಕಿಗೆ ಬದಲಿ ಅಲ್ಲ ಅನ್ನುವುದು ಅದರ ಸಾರ. ಪಾರ್ಕ್ ಕಳೆದುಕೊಳ್ಳುವ ಅಕ್ಕಪಕ್ಕದವರಿಗೆ ಕೋರ್ಟಿಗೆ ಬರುವ ಹಕ್ಕಿದೆ ಅನ್ನುವುದೂ ಅಲ್ಲೇ ಗಟ್ಟಿಯಾಯಿತು.

ಟ್ರಸ್ಟಿನವರಿಗೆ ನಾನು ಹೇಳಿದ್ದು ಇಷ್ಟೇ. ಕಾನೂನು ಬಿಡಿ, ನಿಮ್ಮ ದಾನಿಗಳ ದೃಷ್ಟಿಯಿಂದ ನೋಡಿ. ಪಾಯ ಹಾಕಿದ ಮೇಲೆ ಯಾರೋ ಒಬ್ಬರು ತಡೆಯಾಜ್ಞೆ ತಂದರೆ ಅರ್ಧ ಕಟ್ಟಿದ ಕಂಬಗಳು ಎಷ್ಟು ವರ್ಷ ನಿಲ್ಲುತ್ತವೆ? ಪಾರ್ಕೂ ಹೋಯಿತು, ಧರ್ಮಶಾಲೆಯೂ ಬರಲಿಲ್ಲ. ಪುಕ್ಕಟೆ ಅಂತ ಕಂಡ ಜಾಗವೇ ಕೊನೆಗೆ ಎಲ್ಲಕ್ಕಿಂತ ತುಟ್ಟಿ.

"ಒಂದೇ ಒಂದು ಮೂಲೆ ಕೊಡ್ರಿ"

ಎರಡನೇ ಮೀಟಿಂಗಿನಲ್ಲಿ ಬಂದ ರಾಜಿ ಸೂತ್ರ ಇದು. ಎಲ್ಲ ಬೇಡ, ಒಂದು ಮೂಲೆ ಸಾಕು. ಬಹಳ ಜನ ತಲೆದೂಗಿದರು. ನಾನೂ ಒಂದು ಗಳಿಗೆ ಹೂಂ ಅಂದೆ. ಆಮೇಲೆ ಮನೆಗೆ ಬಂದು ಲೆಕ್ಕ ಹಾಕಿದೆ. ಈ ಲೆಕ್ಕ ಯಾರು ಬೇಕಾದರೂ ಹಾಕಬಹುದು.

ನಗರದ ನಿರ್ವಸತಿಗರ ವಸತಿಗೃಹಗಳಿಗೆ ಕೇಂದ್ರ ಸರ್ಕಾರದ ಜೀವನೋಪಾಯ ಮಿಷನ್ ಹಾಕಿದ ಮಟ್ಟ ತಲೆಗೆ ಕನಿಷ್ಠ 50 ಚದರಡಿ. 60 ಜನಕ್ಕೆ 3,000 ಚದರಡಿ. ಇದು ಬರೀ ಮಲಗುವುದಕ್ಕೆ. ಅಡುಗೆಮನೆ, ಊಟದ ಪಡಸಾಲೆ, ಬಚ್ಚಲು, ಶೌಚಾಲಯ, ಕಾಳುಕಡಿ ಇಡುವ ಕೋಣೆ, ಆಫೀಸು ಸೇರಿದರೆ ಇನ್ನೊಂದು 3,000 ಅಂತ ಇಟ್ಟುಕೊಳ್ಳಿ. ಎರಡು ಅಂತಸ್ತು ಮಾಡಿದರೆ ನೆಲದ ಮೇಲೆ 3,000 ಚದರಡಿ. ಒಂದು ಗುಂಟೆ ಅಂದರೆ 1,089 ಚದರಡಿ. ಅಂದರೆ ಮೂರು ಗುಂಟೆಗೂ ಸ್ವಲ್ಪ ಕಡಿಮೆ. ಅರ್ಧ ಎಕರೆ ಅಂದರೆ 20 ಗುಂಟೆ. ಏಳರಲ್ಲಿ ಒಂದು ಪಾಲು. ಇಷ್ಟು ಕೊಡಬಹುದಲ್ವಾ ಅನ್ನಿಸುತ್ತದೆ.

ಈಗ ಕಟ್ಟಡ ನಡೆಸಿ ನೋಡಿ. ಸುತ್ತ ಬಿಡಬೇಕಾದ ಜಾಗ. ಸಿಲಿಂಡರ್ ಗಾಡಿ, ತರಕಾರಿ ಟೆಂಪೊ ಒಳಗೆ ಬರಲು ದಾರಿ. ಜನರೇಟರ್. ಕಸದ ಡಬ್ಬಿಗಳು. ದಿನಾ ಒಗೆಯುವ ಹಾಸಿಗೆ ಬಟ್ಟೆ ಒಣಹಾಕಲು ಹಗ್ಗ. ಆಮೇಲೆ ನೀರು. ನಮ್ಮೂರಲ್ಲಿ ನೀರಿನ ಕಥೆ ಹೇಳಬೇಕೇ? ತಲೆಗೆ 100 ಲೀಟರ್ ಹಿಡಿದರೂ ದಿನಕ್ಕೆ 6,000 ಲೀಟರ್. ನಳ ಐದು ದಿನಕ್ಕೊಮ್ಮೆ ಬಂದರೆ 30,000 ಲೀಟರಿನ ಸಂಪು. ಅಂದರೆ 5 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ಆಳದ ಗುಂಡಿ. ಅದೂ ಬೇವಿನ ಮರದ ಬೇರು ಇರುವಲ್ಲಿ. ಮರ ಕಡಿಯಬೇಕಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಅದು ಇನ್ನೊಂದು ಓಡಾಟ.

ಎಲ್ಲ ಕೂಡಿಸಿದಾಗ ನನಗೆ ಬಂದದ್ದು 6ರಿಂದ 7 ಗುಂಟೆ. ಮೂರರಲ್ಲಿ ಒಂದು ಪಾಲು. ಉಳಿದದ್ದು? ಅದು ಪಾರ್ಕಾಗಿ ಉಳಿಯುವುದಿಲ್ಲ, ಕಟ್ಟಡದ ಅಂಗಳ ಆಗುತ್ತದೆ. ಗೇಟಿನ ಕೀಲಿ ಯಾರ ಕೈಯಲ್ಲಿ ಅನ್ನುವ ಪ್ರಶ್ನೆ ಎರಡನೇ ವರ್ಷಕ್ಕೇ ಏಳುತ್ತದೆ. ಐದನೇ ವರ್ಷಕ್ಕೆ ಇನ್ನೊಂದು ಶೆಡ್ ಬರುತ್ತದೆ. ದುರುದ್ದೇಶ ಏನೂ ಇರಬೇಕಾಗಿಲ್ಲ. ಮನೆ ಬೆಳೆದ ಹಾಗೆ ಸಂಸ್ಥೆಯೂ ಬೆಳೆಯುತ್ತದೆ.

ಮೂಲೆ ಕೊಡುವ ರಾಜಿ ನೋಡಲು ಸಮಾಧಾನಕರ. ನನ್ನ ಮಟ್ಟಿಗೆ ಎಲ್ಲ ಆಯ್ಕೆಗಳಲ್ಲಿ ಅದೇ ಕೆಟ್ಟದ್ದು. ಧರ್ಮಶಾಲೆಗೆ ಸಾಲದ ಜಾಗ, ಪಾರ್ಕಿಗೆ ಉಳಿಯದ ಜಾಗ.

ಸಿಎ ಸೈಟ್

ಕಾನೂನಿನ ಲೆಕ್ಕದಲ್ಲಿ ಸರಿಯಾದ ದಾರಿ ಇದು. ಬೆಂಗಳೂರಿನ ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯಲ್ಲಿ ಬಡಾವಣೆಯ 15 ಪರ್ಸೆಂಟ್ ಪಾರ್ಕಿಗೆ, ಅದರ ಮೇಲೆ ಇನ್ನೂ 10 ಪರ್ಸೆಂಟ್ ನಾಗರಿಕ ಸೌಲಭ್ಯಕ್ಕೆ ಅಂತ ಬೇರೆ ಬೇರೆ ಬರೆದಿದ್ದಾರೆ. ಎರಡನ್ನೂ ಬೇರೆ ಮಾಡಿದ್ದೇ ಒಂದು ಇನ್ನೊಂದನ್ನು ನುಂಗಬಾರದು ಅಂತ. ನಮ್ಮಂಥ ಊರುಗಳ ಪ್ರಾಧಿಕಾರಗಳಿಗೆ 1987ರ ಕಾಯ್ದೆ ಇದೆ. ಸಿಎ ಸೈಟ್ ಹಂಚುವುದಕ್ಕೆ ಪ್ರತ್ಯೇಕ ನಿಯಮಗಳೂ ಇವೆ. ಪ್ರಾಧಿಕಾರ ಪ್ರಕಟಣೆ ಹೊರಡಿಸುತ್ತದೆ. ನೋಂದಾಯಿತ ಸಂಸ್ಥೆ ಲೆಕ್ಕಪತ್ರಗಳ ಜೊತೆ ಅರ್ಜಿ ಹಾಕಬೇಕು. ಸಿಗುವುದು ಮಾಲೀಕತ್ವ ಅಲ್ಲ, ಗುತ್ತಿಗೆ, ಸಾಮಾನ್ಯವಾಗಿ 30 ವರ್ಷಕ್ಕೆ. ಯಾವ ಉದ್ದೇಶಕ್ಕೆ ಪಡೆದಿರೋ ಅದಕ್ಕೇ ಬಳಸಬೇಕು.

ದುಡ್ಡು ಕಟ್ಟಬೇಕು, ಕಾಯಬೇಕು. ಟ್ರಸ್ಟಿನವರು ಮುಖ ಸಣ್ಣ ಮಾಡಿದ್ದು ಇಲ್ಲೇ. ಆದರೆ ನನಗೆ ಇದೇ ಒಂದು ಪರೀಕ್ಷೆ ಅನ್ನಿಸಿತು. ಲೆಕ್ಕಪತ್ರ ತೋರಿಸಿ ಗುತ್ತಿಗೆ ಹಣ ಕಟ್ಟಲಾಗದ ಸಂಸ್ಥೆ ದಿನಾ 60 ಜನಕ್ಕೆ ಅನ್ನ ಹಾಕುವುದು ಹೇಗೆ? ಒಂದು ಊಟಕ್ಕೆ 40 ರೂಪಾಯಿ ಹಿಡಿಯಿರಿ. ಎರಡು ಹೊತ್ತಿಗೆ ದಿನಕ್ಕೆ 4,800. ವರ್ಷಕ್ಕೆ 17 ಲಕ್ಷದ 52 ಸಾವಿರ. ಕರೆಂಟು, ಸಂಬಳ, ಟ್ಯಾಂಕರ್ ನೀರು ಬೇರೆ. ಕಟ್ಟಡಕ್ಕೆ ದಾನಿ ಸಿಗುತ್ತಾರೆ, ಗೋಡೆ ಮೇಲೆ ಹೆಸರು ಕೆತ್ತಿಸಬಹುದಲ್ಲ. ಏಳನೇ ವರ್ಷದ ಜುಲೈ ತಿಂಗಳ ಅಕ್ಕಿಗೆ ಯಾರ ಹೆಸರು ಕೆತ್ತಿಸುತ್ತೀರಿ?

ಸಿಎ ಸೈಟಿನ ನಿಜವಾದ ದೋಷ ದೂರ. ಊರೊಳಗಿನ ಸೈಟ್‌ಗಳು ಬಹುಪಾಲು ತುಂಬಿವೆ. ಖಾಲಿ ಇರುವವು ಹೆಚ್ಚಾಗಿ ಅಂಚಿನ ಹೊಸ ಬಡಾವಣೆಗಳಲ್ಲಿ. ಹುಬ್ಬಳ್ಳಿಯ ಪೂರ್ವದ ಕಡೆ ಎರೆಮಣ್ಣು, ಪಾಯಕ್ಕೇ ಜಾಸ್ತಿ ಖರ್ಚು. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ 22 ಕಿಲೋಮೀಟರ್ ಚಿಗರಿ ಎಂಬ ವೇಗದ ಬಸ್ಸಿನ ದಾರಿ ಇದೆ. ಆ ದಾರಿಯ ಪಕ್ಕ, ಅಂದರೆ ನವನಗರ, ರಾಯಾಪುರ, ಸತ್ತೂರಿನ ಕಡೆ ಸೈಟ್ ಸಿಕ್ಕರೆ ಹಗಲಿನ ಮಟ್ಟಿಗೆ ನಡೆಯುತ್ತದೆ. ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೆ ಬಂದವರಿಗಂತೂ ಅನುಕೂಲವೇ. ಆದರೆ ವಿದ್ಯಾನಗರದ ವಾರ್ಡಿನಿಂದ ರಾತ್ರಿ ಎರಡು ಗಂಟೆಗೆ "ರಕ್ತ ಬೇಕು, ಬನ್ನಿ" ಅಂತ ಫೋನ್ ಬಂದರೆ? ಆ ಹೊತ್ತಿಗೆ ಆಟೋ ಹಿಡಿಯುವ ದುಡ್ಡಿರುವವರು ಧರ್ಮಶಾಲೆಗೆ ಬರುವುದಿಲ್ಲ.

ಹಾಗಾಗಿ ಒಂದು ಸಣ್ಣ ಸೂತ್ರ ಮಾಡಿಕೊಂಡೆವು. ರೋಗಿ ಐಸಿಯುನಲ್ಲಿದ್ದರೆ ಮನೆಯವರು ನಡೆದು ಹೋಗುವಷ್ಟು ಹತ್ತಿರ ಇರಬೇಕು. ವಾರಗಟ್ಟಲೆ ರೇಡಿಯೇಷನ್‌ಗೆ ಓಡಾಡುವವರಾದರೆ ಬಸ್ಸಿನ ದೂರ ನಡೆಯುತ್ತದೆ. ಮುಂಬೈಯ ಟಾಟಾ ಆಸ್ಪತ್ರೆಗೆ ಹೋದ ನಮ್ಮ ಕಡೆಯವರನ್ನು ಕೇಳಿ ನೋಡಿ. ಆಸ್ಪತ್ರೆ ಇರುವುದು ಪರೇಲ್‌ನಲ್ಲಿ. ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇರುವುದು ದಾದರ್‌ನಲ್ಲಿ. ಆಚೆ ಏರಿಯಾದಲ್ಲಿದ್ದರೂ ಕ್ಯಾನ್ಸರ್ ರೋಗಿಗಳು ಮತ್ತು ಮನೆಯವರು ಅಲ್ಲಿ ಉಳಿದು ಚಿಕಿತ್ಸೆ ಮುಗಿಸುತ್ತಾರೆ.

ಆಸ್ಪತ್ರೆಯ ಆವರಣದೊಳಗೆ

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಜಾಗ ಸಾರ್ವಜನಿಕರದ್ದೇ, ಉದ್ದೇಶ ಆಸ್ಪತ್ರೆಯದ್ದೇ. ಪಾರ್ಕಿನ ಕಾಯ್ದೆ ಅಡ್ಡ ಬರುವುದಿಲ್ಲ. ರಾತ್ರಿ ಎರಡು ಗಂಟೆಯ ಫೋನಿಗೂ ಉತ್ತರ ಇದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಇನ್ಫೋಸಿಸ್ ಫೌಂಡೇಶನ್ ಕಟ್ಟಿಸಿದ ಧರ್ಮಶಾಲೆ ಇದೇ ಮಾದರಿ. ದಾನಿ ಕಟ್ಟಿಕೊಡುತ್ತಾರೆ, ಕಟ್ಟಡ ಆಸ್ಪತ್ರೆಗೆ ಸೇರುತ್ತದೆ.

ಗದಗಿನವರಿಗೆ ಇದು ಇನ್ನೂ ಸುಲಭದ ಪ್ರಶ್ನೆ. ಅಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇರುವುದು ಊರ ಹೊರಗೆ, ಮಲ್ಲಸಮುದ್ರದ ಕಡೆ. ಪೇಟೆಯೊಳಗಿನ ಪಾರ್ಕಿನಲ್ಲಿ ಧರ್ಮಶಾಲೆ ಕಟ್ಟಿದರೆ ಪಾರ್ಕೂ ಹಾಳು, ರೋಗಿಯ ಮನೆಯವರಿಗೆ ಆಟೋ ಖರ್ಚೂ ತಪ್ಪುವುದಿಲ್ಲ.

ತೊಂದರೆ ಇಲ್ಲ ಅಂತಲ್ಲ. ಸರ್ಕಾರಿ ಆವರಣದಲ್ಲಿ ಒಪ್ಪಂದ ಆಗಬೇಕು, ಬೆಂಗಳೂರಿನ ತನಕ ಕಡತ ಹೋಗಬೇಕು. ನಡೆಸುವವರು ಯಾರು, ಚೀಟಿ ಕೊಡುವವರು ಯಾರು, ದಲ್ಲಾಳಿಗಳನ್ನು ದೂರ ಇಡುವುದು ಹೇಗೆ, ಎಲ್ಲ ಬರೆದಿಡಬೇಕು. ನಾಳೆ ಆಸ್ಪತ್ರೆಗೆ ಹೊಸ ಬ್ಲಾಕ್ ಬೇಕಾದರೆ ಮೊದಲು ಒಡೆಯುವುದು ಧರ್ಮಶಾಲೆಯನ್ನೇ. ಇನ್ನೊಂದು ಸೂಕ್ಷ್ಮ ಇದೆ. ದಾನಿಗಳಿಗೆ "ನಮ್ಮ ಸಂಸ್ಥೆ" ಅನ್ನುವ ಹೆಮ್ಮೆ ಇಲ್ಲಿ ಕಡಿಮೆ. ಟ್ರಸ್ಟಿನ ಒಬ್ಬರು ಇದನ್ನು ನೇರವಾಗಿ ಒಪ್ಪಿಕೊಂಡರು. ಅವರ ಪ್ರಾಮಾಣಿಕತೆ ಮೆಚ್ಚಿದೆ.

ಈ ಹೆಮ್ಮೆಯ ಮಾತು ಬಂದಾಗ ನನಗೆ ಶಿರಸಂಗಿ ಲಿಂಗರಾಜರು ನೆನಪಾದರು. ನವಲಗುಂದ-ಶಿರಸಂಗಿಯ ದೇಸಾಯಿ, 1906ರಲ್ಲಿ ತೀರಿಕೊಂಡವರು. ತಮ್ಮ ಸಂಸ್ಥಾನದ ಆಸ್ತಿಯನ್ನೇ ಹುಡುಗರ ಓದಿಗೆ ಬರೆದಿಟ್ಟು ಹೋದರು. ಕೊಟ್ಟದ್ದು ಸ್ವಂತದ್ದು. ಊರಿನ ಗೋಮಾಳ ಕೊಟ್ಟು ತಮ್ಮ ಹೆಸರು ಹಾಕಿಸಿಕೊಳ್ಳಲಿಲ್ಲ.

ಈಗಾಗಲೇ ಇರುವ ಕಟ್ಟಡ

ಇದನ್ನು ನಮ್ಮ ಮೀಟಿಂಗಿನಲ್ಲಿ ಎತ್ತಿದ್ದು ಒಬ್ಬ ಕಾಲೇಜು ಹುಡುಗಿ. ಯಾರೂ ಗಮನ ಕೊಡಲಿಲ್ಲ. ಆಮೇಲೆ ನೋಡಿದರೆ ಎಲ್ಲಕ್ಕಿಂತ ಬೇಗ ಆಗುವುದು ಇದೇ. ಮಕ್ಕಳಿಲ್ಲದೆ ಖಾಲಿ ಬಿದ್ದ ಶಾಲಾ ಕೋಣೆಗಳು, ಬಳಕೆ ಇಲ್ಲದ ಸಮುದಾಯ ಭವನ, ಮಾಲೀಕರು ನಡೆಸಲಾಗದ ಹಳೇ ಲಾಡ್ಜು ಅಥವಾ ಕಲ್ಯಾಣ ಮಂಟಪ. ಬಾಡಿಗೆಗೆ ಹಿಡಿದರೆ ಮೂರು ತಿಂಗಳಲ್ಲಿ ಶುರು. ಕಟ್ಟಲು ಕೂಡಿಟ್ಟ ಹಣದ ಬಡ್ಡಿಯಲ್ಲೇ ಬಾಡಿಗೆಯ ಒಂದು ಪಾಲು ಹೋಗುತ್ತದೆ. ನಡೆಸಿ ನೋಡಿ, ಕೈಲಾಗದಿದ್ದರೆ ಬಿಟ್ಟರಾಯಿತು, ಊರಿಗೆ ನಷ್ಟವಿಲ್ಲ.

ಜೊತೆಗೆ ಪಾಲಿಕೆಯ ಕಡೆಯಿಂದ ಕೇಳಬೇಕಾದ್ದು ಇನ್ನೊಂದಿದೆ. ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ನಿರ್ವಸತಿಗರಿಗೆ ಹಗಲು-ರಾತ್ರಿ ತೆರೆದಿರುವ ವಸತಿಗೃಹ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ನಿರ್ದೇಶನ ಕೊಟ್ಟಿತ್ತು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 43 ಸಾವಿರದಷ್ಟು. ಒಂಬತ್ತು ವಸತಿಗೃಹದ ಲೆಕ್ಕ. ಎಷ್ಟಿವೆ, ಎಲ್ಲಿವೆ, ಅದರಲ್ಲಿ ಒಂದನ್ನು ಆಸ್ಪತ್ರೆಯ ಹತ್ತಿರ ತರಬಹುದೇ ಅಂತ ನಮ್ಮ ಕಾರ್ಪೊರೇಟರನ್ನು ಕೇಳಿದೆವು. 82 ವಾರ್ಡಿನಲ್ಲಿ ಬೇರೆ ಯಾರಾದರೂ ಕೇಳಿದ್ದಾರೋ ಇಲ್ಲವೋ.

ದೋಷ? ನೆರೆಹೊರೆಯವರ ಆಕ್ಷೇಪ ಇಲ್ಲೂ ತಪ್ಪದು. ಮಾಲೀಕರು ಐದು ವರ್ಷಕ್ಕೆ ಬಾಡಿಗೆ ಏರಿಸಿದರೆ ಗಂಟುಮೂಟೆ ಕಟ್ಟಬೇಕು. ಅಡುಗೆ ಹೊಗೆಗೆ ಹಳೇ ಕಟ್ಟಡ ಒಗ್ಗುವುದಿಲ್ಲ, ಊಟ ಹೊರಗಿಂದ ತರಿಸಬೇಕಾದೀತು. ಸಿದ್ಧಾರೂಢ ಮಠದಲ್ಲಿ ದಾಸೋಹ ನಡೆಯುವ ಊರು ನಮ್ಮದು, ರಾಯಾಪುರದಲ್ಲಿ ಅಕ್ಷಯ ಪಾತ್ರೆಯ ದೊಡ್ಡ ಅಡುಗೆಮನೆ ಇರುವ ಊರು. 60 ಜನದ ಊಟ ಸಾಗಿಸುವುದು ಇಲ್ಲಿ ಆಗದ ಕೆಲಸವೇನಲ್ಲ.

ಪಾರ್ಕ್ ಅನ್ನುವ ಮಾತಿನ ಹಿಂದೆ

ಇದನ್ನು ಬರೆಯದೆ ಬಿಟ್ಟರೆ ನೋಟ್‌ಬುಕ್ಕಿಗೆ ಮೋಸ. ಮೂರನೇ ಮೀಟಿಂಗಿನಲ್ಲಿ ಪಾರ್ಕ್ ಉಳಿಸಿ ಅನ್ನುತ್ತಿದ್ದ ಒಬ್ಬರ ಬಾಯಿಂದ ಕೊನೆಗೆ ನಿಜ ಬಂತು: "ಎಂಥೆಂಥಾ ಮಂದಿ ಬರ್ತಾರೋ ಏನೋ. ಮನಿ ರೇಟ್ ಬೀಳ್ತದ." ನಾಲ್ಕೈದು ಜನ ನೆಲ ನೋಡಿದರು. ಅವರ ಮನಸ್ಸಿನಲ್ಲೂ ಅದೇ ಇತ್ತು.

ಪಾರ್ಕ್ ಉಳಿಸಬೇಕು ಅನ್ನುವುದು ಸರಿಯಾದ ವಾದ. ಬಡವರು ಬರಬಾರದು ಅನ್ನುವುದಕ್ಕೆ ಅದೇ ವಾದವನ್ನು ಹೊದಿಕೆ ಮಾಡಿಕೊಂಡರೆ ಎರಡೂ ಕೆಡುತ್ತವೆ. ನಿಮ್ಮ ಮೀಟಿಂಗಿನಲ್ಲಿ ಇದನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕು. "ಪಾರ್ಕಿನ ಪಕ್ಕದ ಖಾಲಿ ಲಾಡ್ಜಿನಲ್ಲಿ ಧರ್ಮಶಾಲೆ ಬಂದರೆ ಒಪ್ಪುತ್ತೀರಾ?" ಹೌದು ಅನ್ನುವವರು ಪಾರ್ಕಿನವರು. ಇಲ್ಲ ಅನ್ನುವವರ ಸಮಸ್ಯೆ ಪಾರ್ಕ್ ಅಲ್ಲ.

ನಮ್ಮಲ್ಲಿ ಕೈ ಎತ್ತಿಸಿದೆವು. 31 ಜನ ಇದ್ದರು, 19 ಕೈ ಎದ್ದವು. ಅದೇ 19 ಜನ ಸೇರಿ ಎರಡು ಪತ್ರ ಬರೆದೆವು. ಒಂದು, ಪಾರ್ಕ್ ಕೊಡಬೇಡಿ ಅಂತ ಪಾಲಿಕೆಗೆ. ಇನ್ನೊಂದು, ಆವರಣದಲ್ಲಿ ಜಾಗ ಕೊಡಿ ಅಂತ ಆಸ್ಪತ್ರೆಯ ಆಡಳಿತಕ್ಕೆ. ಎರಡನೆಯದಕ್ಕೆ ಟ್ರಸ್ಟಿನವರ ಸಹಿಯೂ ಬಿತ್ತು. ಲಾಡ್ಜು ಹುಡುಕಲು ಇಬ್ಬರನ್ನು ನೇಮಿಸಿದೆವು.

ಕಟ್ಟದೆಯೂ ಆಗುವ ಒಂದು ಕೆಲಸ

ಎಲ್ಲ ಮುಗಿದ ಮೇಲೆ ಕಂಡದ್ದು ಇದು, ಮೊದಲೇ ಕಾಣಬೇಕಿತ್ತು. ನಮ್ಮ ಗಾರ್ಡನ್ ಬೆಳಗ್ಗೆ 10ಕ್ಕೆ ಮುಚ್ಚಿ ಸಂಜೆ 4ಕ್ಕೆ ತೆರೆಯುತ್ತಿತ್ತು. ಹುಡುಗ ಹುಡುಗಿಯರು ಕೂರುತ್ತಾರೆ ಅಂತ ನಾವೇ ಬೀಗ ಹಾಕಿಸಿದ್ದೆವು. ಮಧ್ಯಾಹ್ನ ಗೇಟಿನ ಹೊರಗೆ, ಕಾಂಪೌಂಡಿನ ನೆರಳಲ್ಲಿ ಕೆಲವರು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ನಾನು ವರ್ಷಗಳಿಂದ ಅವರನ್ನು ನೋಡಿದ್ದೆ, ಗೌಂಡಿ ಕೆಲಸದವರು ಅಂದುಕೊಂಡಿದ್ದೆ. ಮೊನ್ನೆ ಕೇಳಿದೆ. ಒಬ್ಬರು ಶಿರಹಟ್ಟಿ ಕಡೆಯವರು, ಮಗಳು ಹೆರಿಗೆ ವಾರ್ಡಿನಲ್ಲಿ. ಇನ್ನೊಬ್ಬರು ಬ್ಯಾಡಗಿಯವರು, ತಮ್ಮನ ಕಾಲಿನ ಆಪರೇಷನ್.

ಪಾರ್ಕಿನಲ್ಲಿ ಶೌಚಾಲಯ, ಕುಡಿಯುವ ನೀರಿನ ನಳ, ಎರಡು ಬೆಂಚು ಜಾಸ್ತಿ ಹಾಕಲು ಕಾಯ್ದೆ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ, ಅವು ಪಾರ್ಕಿನ ಬಳಕೆಗೇ ಸೇರಿದವು. ರಾತ್ರಿಯ ಹಾಸಿಗೆಗೆ ಇದು ಬದಲಿ ಅಲ್ಲ. ಹಗಲಿಗೆ ಸಾಕು. ಬೀಗದ ಕೀಲಿ ಈಗ ಮೂಲೆಮನೆಯ ಅಜ್ಜಿಯ ಹತ್ತಿರ ಇದೆ. 10 ಗಂಟೆಗೆ ಹಾಕುವುದನ್ನು ಅವರು ನಿಲ್ಲಿಸಿದ್ದಾರೆ. ಆಸ್ಪತ್ರೆಯಿಂದ ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ.